ಉಗುಳಿದ ಗುಟುಕು

ತಿಬೋ ವೈನಿನ ಗ್ಲಾಸನ್ನು ಮೂಗಿಗೆ ಹಿಡಿದ, ಒಂದು ಗುಟುಕನ್ನು ಬಾಯಲ್ಲಿ ಹೊರಳಾಡಿಸಿದ, ಆಮೇಲೆ ಪಕ್ಕದ ಬಕೆಟ್ಟಿಗೆ ಪಿಚಕ್ಕನೆ ಉಗುಳಿದ. ಮಾಯ್ಲಿಸಳಿಗೆ ಮೈಯೆಲ್ಲ ಉರಿದುಹೋಯಿತು.

ವೈನಿಗೆ ಹೆಸರಾದ ಸೇಂತೆಮಿಲ್ಯೋಂ ಊರಿನ ಕಲ್ಲಿನ ನೆಲಮಾಳಿಗೆಗಳಲ್ಲಿ ಉಗುಳುವುದು ತಪ್ಪೇನಲ್ಲ. ರುಚಿ ನೋಡಲು ಬಂದವರು ಎಲ್ಲವನ್ನೂ ನುಂಗುತ್ತ ಹೋದರೆ ಸಂಜೆಗೆ ಮನೆ ಸೇರುವುದುಂಟೆ? ಇನ್ನೊಂದು ವೈನ್ ಸೀಮೆಯಾದ ಬರ್ಗಂಡಿಯಿಂದ ಬಂದ ತಿಬೋ ವಾರದಿಂದ ಅವಳ ವೈನನ್ನು ಹೀಗೇ ಉಗುಳಿ, "ನಮ್ಮೂರಿನದರ ಮುಂದೆ ಇದೇನೂ ಅಲ್ಲ ಬಿಡು," ಎಂದು ಓರೆಗಣ್ಣಲ್ಲಿ ನೋಡುತ್ತಿದ್ದ. ಅವಳು ಜಗಳಕ್ಕೇ ನಿಲ್ಲುತ್ತಿದ್ದಳು. ಹಾಳು ಜಗಳ, ಅದು ಅವಳಿಗೆ ಹಿಡಿಸಿಯೂ ಬಿಟ್ಟಿತ್ತು.

ಆದರೆ ಇವತ್ತಿನದು ತೀರಿಹೋದ ಅಪ್ಪ ಕೊನೆಯದಾಗಿ ಮಾಡಿದ ವೈನು. ಅದರಲ್ಲಿ ಉಳಿದದ್ದು ಇದೊಂದೇ ಬಾಟಲಿ. ನಾಳೆ ತಿಬೋ ಹೊರಡುತ್ತಾನೆ. ಬಾಯಿಬಿಟ್ಟು ಹೇಳಲಾಗದ್ದನ್ನು ಅವಳು ಗ್ಲಾಸಿಗೆ ಸುರಿದು ಕೊಟ್ಟಿದ್ದಳು.

"ಪರವಾಗಿಲ್ಲ, ಇದ್ದುದರಲ್ಲಿ ಇದೇ ವಾಸಿ," ಎಂದ ತಿಬೋ.

"ನೀವಿನ್ನು ಹೊರಡಿ."

"ನೀವಾ? ನಿನ್ನೆವರೆಗೂ ನೀನು ಅಂತಿದ್ಯಲ್ಲ!"

"ನಿನ್ನೆ ನಂಗೆ ಬುದ್ಧಿ ಇರ್ಲಿಲ್ಲ, ಸಾಹೇಬ್ರೇ. ಬಾಗಿಲು ಆ ಕಡೆ."

ಬಾಟಲಿ ಕಸಿದುಕೊಂಡು ದಡದಡ ಮೆಟ್ಟಿಲು ಹತ್ತಿ ಅಡುಗೆಮನೆಗೆ ಬಂದಳು. ಬಟ್ಟಲಿಗೆ ಒಂದಿಷ್ಟು ಎಲೆಕೋಸಿನ ಸೂಪು ಬಡಿಸಿಕೊಂಡಳು. ಸೂಪಿಗೆ ವೈನು ಬೆರೆಸಿ ಬಟ್ಟಲೆತ್ತಿ ಕುಡಿಯುವುದು ಅಪ್ಪನ ಅಭ್ಯಾಸ, ಈ ಸೀಮೆಯ ಹಿರಿಯರದೆಲ್ಲ ಹಾಗೇ. ಮೊನ್ನೆ ಅವಳೂ ಹಾಗೆ ಕುಡಿಯುವುದನ್ನು ನೋಡಿ ತಿಬೋ, "ಪಾತ್ರೆ ತೊಳೆದ ನೀರು!" ಎಂದು ನಕ್ಕಿದ್ದ. ಈಗ ಹಿಂದೆಯೇ ಬಂದು ಹೊಸ್ತಿಲಲ್ಲಿ ನಿಂತ.

"ನಾನೇನ್ ಮಾಡ್ದೆ, ಅದನ್ನಾದ್ರೂ ಹೇಳು."

"ಅಪ್ಪನ ಕೊನೇ ಬಾಟ್ಲಿ ಅದು. ಮಾರೋಕಲ್ಲ, ನಿಮಗೇ ಅಂತ ತೆಗೆದೆ. ನೀವು ಬಕೆಟ್ಟಿಗೆ ಕುಡಿಸಿದ್ರಿ."

ತಿಬೋನ ಮುಖ ಬಿಳಿಚಿಕೊಂಡಿತು. "ಇನ್ನೊಂದು ಗುಟುಕು ಕೊಡು, ಮಾಯ್ಲಿಸ್."

"ಇಲ್ಲ." ಅವನ ಕಣ್ಣೆದುರೇ ಬಾಟಲಿಯಲ್ಲಿದ್ದುದನ್ನೆಲ್ಲ ಸೂಪಿಗೆ ಸುರಿದಳು. ಹೊಟ್ಟೆ ಉರಿಯಲಿ ಅವನಿಗೆ!

ತಿಬೋ ಬಟ್ಟಲನ್ನು ಎರಡೂ ಕೈಯಲ್ಲೆತ್ತಿ ಗಟಗಟ ಕುಡಿದ. ತೇಲುವ ಕೊಬ್ಬು, ಎಲೆಕೋಸು, ಯಾವುದನ್ನೂ ಬಿಡಲಿಲ್ಲ. ಅವನ ಗಂಟಲು ಏರಿಳಿಯುವುದನ್ನು ಅವಳು ನೋಡುತ್ತ ನಿಂತಳು.

"ಹೇಗಿತ್ತು?" ಕೇಳಬಾರದು ಎಂದುಕೊಂಡೇ ಕೇಳಿದಳು.

"ಬರೀ ಎಲೆಕೋಸು." ಅವನು ಬಟ್ಟಲು ಕೆಳಗಿಟ್ಟ. "ನಾನು ನಾಳೆ ಹೋಗಲ್ಲ. ನಿನ್ನ ಬಿಟ್ಟು ಹೋಗೋಕೆ ನನ್ನಿಂದ ಆಗಲ್ಲ."

ಸಿಟ್ಟು ಪೂರ್ತಿ ಇಳಿದಿರಲಿಲ್ಲ, ಆದರೂ ಕಣ್ಣು ತುಂಬಿ ಬಂತು. ಮುಖ ಆಚೆ ತಿರುಗಿಸಿಕೊಂಡಳು.

"ಬಟ್ಟಲು ತೊಳೆದಿಡು."

"ತೊಳೆದಿಡಿ ಅಲ್ವಾ?"

"ಇಡು," ಎಂದಳು ಮಾಯ್ಲಿಸ್.