ಫ್ಲಾಪಿ ಬಾಯಿಗೆ ಕೋವಿ ಹೂ

"ಇಲ್ಲಿ ರಿಪೇರಿ ಮಾಡುವವರು ಯಾರು?"

"ನಾನೇ."

"ಅಲ್ಲ... ಗಂಡಸರು ಯಾರೂ ಇಲ್ವಾ?"

ಯಮುನಳಿಗೆ ಮೈಯೆಲ್ಲ ಉರಿದುಹೋಯಿತು! ಪೊನ್ನಂಪೇಟೆಯಲ್ಲಿ ಕಂಪ್ಯೂಟರ್ ಅಂಗಡಿ ಇಟ್ಟು ನಾಲ್ಕು ವರ್ಷ. 'ಅಂಗಡಿ ಮುಚ್ಚಿದರೆ ಮದುವೆ' ಎಂದ ಎರಡು ಸಂಬಂಧಗಳನ್ನು ಬಾಗಿಲಲ್ಲೇ ವಾಪಸ್ ಕಳಿಸಿದವಳು ಅವಳು.

"ನನ್ನ ಎದುರಿಗೇ ಒಬ್ಬರು ಗಂಡಸು ನಿಂತಿದ್ದಾರಲ್ಲ! ಅವರಿಗೆ ರಿಪೇರಿ ಬಂದಿದ್ರೆ ಇಲ್ಲಿಗೆ ಯಾಕೆ ಬರ್ತಿದ್ರು?"

ಹುದಿಕೇರಿಯ ದೇರಪ್ಪ ತಬ್ಬಿಬ್ಬಾದ. ಹೊತ್ತು ತಂದಿದ್ದ ಹಳೇ ಕಂಪ್ಯೂಟರನ್ನು ಮೆಲ್ಲಗೆ ಮೇಜಿನ ಮೇಲಿಟ್ಟ.

"ಅಪ್ಪಂದು. ಅವರು ಬರೆದ ಹಾಡೆಲ್ಲ ಫ್ಲಾಪಿಯಲ್ಲೇ ಉಂಟು. ಈಗ ಡ್ರೈವ್ ಓದ್ತಾ ಇಲ್ಲ. ಎಲ್ಲರೂ ಗುಜರಿಗೆ ಹಾಕು ಅಂತಾರೆ... ಅಪ್ಪ ಈಗಿಲ್ಲ."

ಯಮುನಳ ಸಿಟ್ಟು ಅರ್ಧ ಇಳಿಯಿತು. ಡ್ರೈವ್ ಬಿಚ್ಚಿದಳು. ಒಳಗೆ ಒಣಗಿದ ಎಸಳು, ಗಂಧ!

"ಇದೆಂತದ್ದು ಮಾರಾಯ್ರೆ? ಕೋವಿ ಹೂ?"

"ಕೈಲ್ ಮುಹೂರ್ತದ ಆಯುಧ ಪೂಜೆಗೆ ಕೋವಿ ಬಾಯಿಗೆ ಹೂ ಸಿಕ್ಕಿಸ್ತೇವಲ್ಲ... ಇದು ಅಪ್ಪನ ಆಯುಧ ಅಂತ, ಹೋದ ವರ್ಷ ಫ್ಲಾಪಿ ಹಾಕುವ ಬಾಯಿಗೂ ಸಿಕ್ಕಿಸಿದೆ."

ಯಮುನ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. 'ಪೆದ್ದ! ಆದರೆ ಎಷ್ಟು ಒಳ್ಳೇ ಪೆದ್ದ...'

ಅಂಥ ಡ್ರೈವ್ ಈಗ ಹೊಸದು ಎಲ್ಲೂ ಸಿಗುವುದಿಲ್ಲ. ಅವಳೂ ಹಠ ಬಿಡಲಿಲ್ಲ. ಗುಜರಿಯಿಂದ ಮೂರು ಕಂಪ್ಯೂಟರ್ ತರಿಸಿ ಬಿಚ್ಚಿದಳು. ದೇರಪ್ಪ "ಆಯ್ತಾ?" ಎಂದು ದಿನಾ ಬಂದ. 'ನೀವು' ಹೋಗಿ 'ನೀನು' ಆಯಿತು. ಮೂರನೆಯದರಲ್ಲಿ ಸರಿಯಾದ ಡ್ರೈವ್ ಸಿಕ್ಕಾಗ ಅವಳಿಗೆ ಬೇಸರವೇ ಆಯಿತು... ನಾಳೆಯಿಂದ ಅವನು ಬರುವುದಿಲ್ಲವಲ್ಲ!

ಕೈಲ್ ಮುಹೂರ್ತದ ಬೆಳಿಗ್ಗೆ ಕಂಪ್ಯೂಟರ್ ಸಮೇತ ಅವನ ಮನೆಗೇ ಹೋಗಿ ಡ್ರೈವ್ ಕೂರಿಸಿದಳು. ಫ್ಲಾಪಿ ಕರಕರ ಎಂದಿತು. ಪರದೆಯ ಮೇಲೆ ಅಪ್ಪನ ಹಾಡು! ದೇರಪ್ಪನ ಅವ್ವ ಪೂವಮ್ಮ ಸೆರಗು ಬಾಯಿಗೆ ಒತ್ತಿಕೊಂಡು ಅತ್ತರು.

ದೇರಪ್ಪ ಕೈ ಚಾಚಿದ. "ಯಮುನ, ಆ ಸ್ಕ್ರೂಡ್ರೈವರ್ ಇಲ್ಲಿ ಕೊಡು. ಇನ್ನು ಮುಟ್ಟಬೇಡ."

ಅವಳು ಸ್ಕ್ರೂಡ್ರೈವರನ್ನು ಹಿಂದಕ್ಕೆ ಎಳೆದುಕೊಂಡಳು. ಇವನೂ ಆ ಸಂಬಂಧದವರ ಹಾಗೇನಾ...?

"ಮುಟ್ತೇನೆ! ಸಾಯುವವರೆಗೂ ಮುಟ್ತೇನೆ! ನಿನ್ನ ಮೇಲೆ ಜೀವ ಇಟ್ಟದ್ದು ನಿಜ. ಅದಕ್ಕೆ ಅಂಗಡಿ ಮುಚ್ತೇನೆ ಅಂದ್ಕೊಂಡ್ಯಾ? ಅದು ಮಾತ್ರ ಆಗದ ಮಾತು!"

"ಪೂಜೆ ಆಗುವವರೆಗೆ ಮಾರಾಯ್ತಿ!"

ಅವನು ಸ್ಕ್ರೂಡ್ರೈವರ್ ತೆಗೆದುಕೊಂಡು ಹೋಗಿ ದೇವರ ಮುಂದೆ, ಕೋವಿ ಮತ್ತು ಕತ್ತಿಗಳ ನಡುವೆ ಇಟ್ಟ. ಗಂಧ ಹಚ್ಚಿದ. ಒಂದು ಕೋವಿ ಹೂ ಇಟ್ಟ.

ಯಮುನ ನೋಡುತ್ತಾ ನಿಂತಳು. ಅವಳ ಸ್ವಂತ ಮನೆಯಲ್ಲಿ ಅಪ್ಪನ ಕತ್ತಿಗೆ, ಅಣ್ಣನ ಜೀಪಿಗೆ ಎಲ್ಲ ಪೂಜೆ ಆಗುತ್ತಿತ್ತು. ಅವಳ ಸ್ಕ್ರೂಡ್ರೈವರಿಗೆ ಒಂದು ವರ್ಷವೂ ಆಗಿರಲಿಲ್ಲ.

"ಪೂಜೆ ಆದ್ಮೇಲೆ ವಾಪಸ್ ಕೊಡ್ತೀಯಲ್ಲ?" ಕಣ್ಣೊರೆಸಿಕೊಂಡು ಕೇಳಿದಳು.

"ನಾಳೆ ಅಂಗಡಿ ಬಾಗಿಲು ತೆಗೆದು ನಾನೇ ನಿನ್ನ ಕೈಗೆ ಕೊಡ್ತೇನೆ. ಮುಂದಿನ ವರ್ಷ... ಈ ಮನೆಯವಳಾಗಿ ನೀನೇ ಇಲ್ಲಿ ತಂದಿಡ್ತೀಯಾ?"

"ಇಡ್ತೇನೆ. ಆದ್ರೆ ಫ್ಲಾಪಿ ಬಾಯಿಗೆ ಹೂ ಇಟ್ಟೀಯಾ, ಜೋಕೆ!"