ಡೇರೆ ಹಾಕಲು ಒಂದು ಜಾಗ

“ಇಲ್ಲಿ ಬ್ಯಾಡ್ರಿ ಮೇಡಂ.”

ವಿದ್ಯಾವತಿ ತಿರುಗಿ ನೋಡಿದಳು. ಆತ ಮೋಟಾರ್ ಸೈಕಲ್ ನಿಲ್ಲಿಸಿ ಎರಡು ನಿಮಿಷವೂ ಆಗಿರಲಿಲ್ಲ. ಇನ್ನೂ ಹೆಸರು ಕೂಡ ಹೇಳಿರಲಿಲ್ಲ. ಚಪ್ಪಲಿ ಬಿಟ್ಟು, ಪ್ಯಾಂಟಿನ ಅಂಚು ಮಡಚಿ, ಹುಣಸೆ ಮರದ ಸುತ್ತ ಬರಿಗಾಲಲ್ಲಿ ಒಂದು ಸುತ್ತು ಹಾಕಿ ಬಂದಿದ್ದ, ಅಷ್ಟೇ.

ಎಂಥಾ ಜಾಗ ಇದು! ಎದುರಿಗೆ ಭೀಮೆಯ ಹಿನ್ನೀರು ಕಣ್ಣು ಹಾಯುವವರೆಗೂ ಹರಡಿಕೊಂಡಿದೆ. ಆಪು ಹುಲ್ಲಿನ ನಡುವೆ ಬಾತುಗಳು ತೇಲುತ್ತಿವೆ. ಇಂಥ ನೆರಳು ಸುತ್ತಮುತ್ತ ಎಲ್ಲೂ ಇಲ್ಲ. ಇದನ್ನು ಬೇಡ ಅನ್ನುವುದಕ್ಕೆ ಇವನಿಗೆ ಏನು ಅಧಿಕಾರ?

ಯಾಕೆಂದು ಅವಳು ಸ್ವಲ್ಪ ಬಿರುಸಾಗಿಯೇ ಕೇಳಿದಳು.

ಆತ ತಲೆ ಎತ್ತಿ ಮರ ನೋಡಿದ. “ಸಂಜೀಕ ಬಂದ ನೋಡ್ರಿ. ಈ ಗಿಡದಾಗ ಐದನೂರ ಬೆಳ್ಳಕ್ಕಿ ಕೂಡ್ತಾವ. ನಿಮ್ಮ ಹುಡಿಗೇರು ಮುಂಜಾನೆ ಬೆಳ್ಳಗಾಗಿ ಏಳ್ತಾರ.”

ವಿದ್ಯಾವತಿ ನೆಲ ನೋಡಿದಳು. ಒಣಗಿದ ಎಲೆಗಳ ಮೇಲೆಲ್ಲ ಸುಣ್ಣ ಚೆಲ್ಲಿದಂತೆ ಹಕ್ಕಿ ಹಿಕ್ಕೆ. ಪ್ರಾಣಿಶಾಸ್ತ್ರ ಕಲಿಸುವ ತನಗೆ ಇದು ಕಾಣಲಿಲ್ಲವಲ್ಲ... ನಗು ಬಂತು. ಆದರೆ ಅವನೆದುರು ನಗಬಾರದೆಂದು ತುಟಿ ಬಿಗಿಹಿಡಿದಳು.

ಆತ ಕಲ್ಲಿನಾಥ. ಅಫಜಲಪುರದ ಬಸ್ ನಿಲ್ದಾಣದ ಹಿಂದೆ ಅವನದೊಂದು ಟೆಂಟ್ ಹೌಸ್. ಮದುವೆ, ಸಭೆ, ಪುರಾಣ, ಯಾವುದಿದ್ದರೂ ಪೆಂಡಾಲ್ ಹಾಕುವುದು ಅವನ ಕೆಲಸ. ಮೂರು ದಿನದ ಶಿಬಿರಕ್ಕೆ ಆರು ಡೇರೆ ಬೇಕೆಂದು ವಿದ್ಯಾವತಿ ಫೋನ್ ಮಾಡಿದಾಗ, ಮೊದಲು ನೆಲ ನೋಡಬೇಕು ಎಂದಿದ್ದ.

ಶಿಬಿರ ಅವಳ ಎರಡು ವರ್ಷದ ಆಸೆ. ಎಂ.ಎಸ್ಸಿ ಓದುವಾಗ ಅವಳ ತರಗತಿಯವರನ್ನು ರಾಜಸ್ಥಾನದ ಭರತಪುರಕ್ಕೆ ಕರೆದೊಯ್ದಿದ್ದರು. ಅಲ್ಲಿನ ಜೌಗು ನೆಲದ ರಾಷ್ಟ್ರೀಯ ಉದ್ಯಾನದ ಹೊರಗೆ ಡೇರೆ ಹಾಕಿ ಮಲಗಿ, ಬೆಳಗಿನ ಮಂಜಿನಲ್ಲಿ ಸಾವಿರಾರು ಹಕ್ಕಿಗಳ ಸದ್ದಿಗೆ ಎದ್ದಿದ್ದಳು. ಊರಿಗೆ ಬಂದು ಅಫಜಲಪುರದ ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿಯಾದ ಮೇಲೆ ಒಂದು ಡಿಸೆಂಬರ್‌ನಲ್ಲಿ ಈ ಹಿನ್ನೀರು ನೋಡಿದಳು. ಭರತಪುರದಲ್ಲಿ ಕಂಡ ಅದೇ ಹೆಬ್ಬಾತುಗಳು! ದಂಡೆಯ ಊರುಗಳಿಂದಲೇ ಬರುವ ಅವಳ ವಿದ್ಯಾರ್ಥಿನಿಯರಿಗೆ ಅವುಗಳ ಹೆಸರು ಗೊತ್ತಿರಲಿಲ್ಲ.

ಇಪ್ಪತ್ತೆರಡು ಹುಡುಗಿಯರ ಮನೆಗೆ ಹೋಗಿ ಅಪ್ಪ ಅಮ್ಮಂದಿರನ್ನು ಒಪ್ಪಿಸಿದ್ದಳು. ಪ್ರಾಂಶುಪಾಲರು ಮಾತ್ರ ಒಂದು ಷರತ್ತು ಹಾಕಿದ್ದರು. ಶನಿವಾರದೊಳಗೆ ಜಾಗ ಗೊತ್ತುಮಾಡಿ, ಹೊಲದ ಒಡೆಯರ ಒಪ್ಪಿಗೆ ಪತ್ರ ತರಬೇಕು. ಇಲ್ಲವಾದರೆ ಶಿಬಿರ ರದ್ದು, ಇನ್ನು ಮುಂದೆಯೂ ಆ ಮಾತು ಎತ್ತುವಂತಿಲ್ಲ.

ಅಂದು ಭಾನುವಾರ.

ಹೊಲ ಖಾಸೀಂಬಿ ಎಂಬ ಮುದುಕಿಯದು. ನೀರಿನ ಅಂಚಿಗೆ ಉದ್ದಕ್ಕೂ ಚಾಚಿಕೊಂಡ ಹನ್ನೆರಡು ಎಕರೆ. ಆಕೆ ಜೇವರ್ಗಿಯ ಮಗಳ ಮನೆಗೆ ಹೋಗಿದ್ದಳು. ಎಲ್ಲಿ ಬೇಕೋ ನೋಡಿಕೊಳ್ಳಿ, ಗುರುವಾರ ಬಂದು ಸಹಿ ಮಾಡುತ್ತೇನೆ ಎಂದು ಫೋನಿನಲ್ಲೇ ಒಪ್ಪಿದ್ದಳು.

ಸೋಮವಾರ ನೀರಿನ ಪಕ್ಕದ ಹುಲ್ಲುಗಾವಲು ನೋಡಿದರು. ಕಲ್ಲಿನಾಥ ತಲೆ ಅಲ್ಲಾಡಿಸಿದ. ಮೇಲಿನ ಬ್ಯಾರೇಜಿನಿಂದ ನೀರು ಬಿಟ್ಟರೆ ಅಲ್ಲಿಗೆ ಮೊಣಕಾಲುದ್ದ ಏರುತ್ತದಂತೆ. ನಿಮಗೆ ಹೇಗೆ ಗೊತ್ತೆಂದು ಅವಳು ಕೇಳಿದ್ದಕ್ಕೆ, ಕಲ್ಲಿಗೆ ಹತ್ತಿದ ಪಾಚಿಯ ಗೆರೆ ತೋರಿಸಿದ.

ಅವಳ ಪ್ರಶ್ನೆಗಳು ನಿಲ್ಲುತ್ತಿರಲಿಲ್ಲ. ಚಪ್ಪಲಿ ಯಾಕೆ ಬಿಡುತ್ತೀರಿ? ಮಣ್ಣು ಯಾಕೆ ಮೂಸುತ್ತೀರಿ? ಹಗ್ಗ ಯಾಕೆ ನೆನೆಸುತ್ತೀರಿ? ಐದು ಕೇಳಿದರೆ ಆತ ಎರಡಕ್ಕೆ ಉತ್ತರ ಕೊಡುತ್ತಿದ್ದ. ಆದರೆ ಆ ಎರಡು ಉತ್ತರ ಯಾವ ಪುಸ್ತಕದಲ್ಲೂ ಇರಲಿಲ್ಲ.

ಮಂಗಳವಾರ ಕಲ್ಲಿನಾಥನೇ ಒಂದು ಪ್ರಶ್ನೆ ಕೇಳಿದ. ತಲೆಯ ಮೇಲೆ ಎರಡು ಕರಿ ಪಟ್ಟೆ ಇರುವ ಆ ದೊಡ್ಡ ಬಾತು ಯಾವುದು? ಸಣ್ಣಂದಿನಿಂದ ನೋಡುತ್ತಿದ್ದಾನೆ, ಯಾರಲ್ಲಿ ಕೇಳಬೇಕೋ ತಿಳಿದಿರಲಿಲ್ಲ.

ಪಟ್ಟೆತಲೆ ಹೆಬ್ಬಾತು, ಹಿಮಾಲಯ ದಾಟಿ ಬರುತ್ತದೆ ಎಂದಳು. ಅವನು ಕೈಯಲ್ಲಿದ್ದ ಸುತ್ತಿಗೆ ಕೆಳಗಿಟ್ಟು ಬಹಳ ಹೊತ್ತು ನೀರಿನ ಕಡೆ ನೋಡಿದ.

ಆ ಮುಖ ನೋಡುತ್ತ ವಿದ್ಯಾವತಿಗೆ ಒಳಗೆಲ್ಲೋ ಏನೋ ಅಲುಗಾಡಿದಂತಾಯಿತು. ‘ಇಷ್ಟು ಹೊತ್ತು ಸುಮ್ಮನೆ ಒಂದು ಹಕ್ಕಿಯನ್ನು ನೋಡುವ ಗಂಡಸು...’

ಕೊನೆಗೆ ಮೂರು ಜಾಗ ಉಳಿದವು. ಕಲ್ಲಿನಾಥ ಮೂರರಲ್ಲೂ ಒಂದೊಂದು ಕಬ್ಬಿಣದ ಗೂಟ ಬಡಿದ. ಇನ್ನೆರಡು ದಿನ ಬಿಟ್ಟು ಅಲುಗಿಸಿ ನೋಡಬೇಕಂತೆ.

“ಎರಿ ಭೂಮಿ ಮೊದಲನೇ ದಿನ ಗಟ್ಟಿ ಹಿಡೀತದ್ರಿ. ಒಣಗಿ ಬಿರುಕ ಬಿಟ್ಟ ಮ್ಯಾಲೆ ಕೈ ಬಿಡ್ತದ.”

“ನಮ್ಮೂರ ಸರಸಂಬಾದ ಬೀಗರ ಹಂಗ,” ಎಂದಳು ವಿದ್ಯಾವತಿ.

ಆತ ಮೊದಲ ಸಲ ಬಾಯಿ ತುಂಬ ನಕ್ಕ.

ಜೇವರ್ಗಿಯಿಂದ ಮದುವೆ ಪೆಂಡಾಲಿನವರ ಫೋನ್ ಬಂದು ಅವನು ಬೇಗ ಹೊರಟ. ವಿದ್ಯಾವತಿ ಹಕ್ಕಿ ನೋಡುತ್ತ ಉಳಿದಳು. ಹೊರಡುವಾಗ ಹುಲ್ಲಿನಲ್ಲಿ ಗೂಟಗಳು ಕಾಣದೆ ಹುಡುಕಬೇಕಾಯಿತು. ಮುಂದಿನ ಸಲ ದೂರದಿಂದಲೇ ಕಾಣಲಿ ಎಂದು, ಶಿಬಿರದ ಬ್ಯಾನರಿಗೆ ತಂದಿದ್ದ ಕೆಂಪು ಬಟ್ಟೆಯ ಅಂಚು ಹರಿದು ಮೂರಕ್ಕೂ ಕಟ್ಟಿದಳು.

ಚೆಂದ ಕಂಡವು. ಫೋಟೋ ಕೂಡ ತೆಗೆದುಕೊಂಡಳು.

ಗುರುವಾರ ಮಧ್ಯಾಹ್ನ ಕಲ್ಲಿನಾಥನ ಫೋನ್.

“ಮೇಡಂ, ಆ ಹೊಲ ಬಿಡ್ರಿ. ಅಲ್ಲಿ ಆಗಂಗಿಲ್ಲ.”

“ಮೂರೂ ಗೂಟ ಅಲುಗಿದ್ವೇನು?”

“ಗೂಟ ಕಿತ್ತೇನ್ರಿ. ಬ್ಯಾರೆ ಕಡೆ ನೋಡೂಣು, ಮುಂದಿನ ವಾರ.”

ಮುಂದಿನ ವಾರ! ಶನಿವಾರದ ಗಡುವು ಅವನಿಗೆ ಗೊತ್ತಿಲ್ಲವೇ? ಹಿಂದಿನಿಂದ ಯಾರೋ ಕಂಬ ಎತ್ತಿರೆಂದು ಕೂಗುವುದು ಕೇಳಿಸಿತು. ಎಲ್ಲಿದ್ದೀರಿ ಎಂದಳು. ಜೇವರ್ಗಿಯಲ್ಲಿ, ಮದುವೆ ಕೆಲಸದಲ್ಲಿ ಎಂದ.

ಅವಳಿಗೆ ಎಲ್ಲ ತಿಳಿದುಹೋಯಿತು. ತಿಳಿಯಿತೆಂದುಕೊಂಡಳು. ಆರು ಸಣ್ಣ ಡೇರೆಗಿಂತ ಮದುವೆ ಪೆಂಡಾಲ್ ದೊಡ್ಡದು.

“ದೊಡ್ಡ ಕೆಲಸ ಸಿಕ್ತು ಅಂತ ಖರೇ ಹೇಳ್ರಲ್ಲ. ನೆಲದ ಮ್ಯಾಲ ಯಾಕ ಹಾಕ್ತೀರಿ?”

“ಹಂಗ ತಿಳ್ಕೋರಿ,” ಎಂದ ಕಲ್ಲಿನಾಥ.

ಅವಳು ಫೋನ್ ಇಟ್ಟಳು. ಕಣ್ಣು ಯಾಕೆ ತುಂಬಿಕೊಂಡವೋ ಅವಳಿಗೇ ಅರ್ಥವಾಗಲಿಲ್ಲ. ಶಿಬಿರ ತಪ್ಪುವ ದುಃಖಕ್ಕೆ ಇಷ್ಟು ಬಿಸಿ ಇರುತ್ತದೆಯೇ?

ಆದರೂ ಒಂದು ಪ್ರಶ್ನೆ ಕೊರೆಯತೊಡಗಿತು. ಸುಳ್ಳು ಹೇಳುವವನಾದರೆ ಮೂರು ದಿನ ಬರಿಗಾಲಲ್ಲಿ ಯಾಕೆ ತಿರುಗಿದ? ಗೂಟ ಅಲುಗಿತು ಅಂದುಬಿಟ್ಟಿದ್ದರೆ ತಾನು ನಂಬುತ್ತಿದ್ದೆ. ಕಿತ್ತೆ ಅಂದನಲ್ಲ, ಯಾಕೆ?

ಶುಕ್ರವಾರ ಬೆಳಗ್ಗೆ ಮೊದಲ ಬಸ್ಸು ಹಿಡಿದು ಖಾಸೀಂಬಿಯ ಮನೆಗೆ ಹೋದಳು.

ಮುದುಕಿ ಅಂಗಳದಲ್ಲಿ ಕೂತು ತೊಗರಿ ಕೇರುತ್ತಿದ್ದಳು. ಕಾಲೇಜಿನವಳೆಂದು ಹೇಳಿದೊಡನೆ ಮೊರ ನಿಂತಿತು.

“ಕೆಂಪ ಬಟ್ಟಿ ಗೂಟದವ್ರಾ?”

ಕೂಡ್ರಿ ಅನ್ನದೆಯೇ ಖಾಸೀಂಬಿ ಎಲ್ಲ ಹೇಳಿದಳು. ಹಿಂದೆ ಬ್ಯಾರೇಜ್ ಕಟ್ಟುವ ಮೊದಲು ಅಳತೆಯವರು ಬಂದು ಇಂಥದೇ ಗೂಟ ಬಡಿದು ಕೆಂಪು ಬಟ್ಟೆ ಕಟ್ಟಿ ಹೋಗಿದ್ದರು. ಬಟ್ಟೆ ಕಟ್ಟಿದ ಹೊಲಗಳೆಲ್ಲ ಈಗ ನೀರಿನೊಳಗಿವೆ. ಅವಳ ಹೊಲ ಮೂವತ್ತು ಎಕರೆ ಇದ್ದದ್ದು ಹನ್ನೆರಡಕ್ಕೆ ಇಳಿಯಿತು. ಬುಧವಾರ ಊರವರು ಮತ್ತೆ ಕೆಂಪು ಬಟ್ಟೆ ಕಂಡು ಹೌಹಾರಿದರು. ಪಕ್ಕದ ಹೊಲದವರು ಬಿತ್ತಿದ ಕಡಲೆಗೆ ನೀರು ಹಾಯಿಸುವುದನ್ನೇ ನಿಲ್ಲಿಸಿದರು. ಸುದ್ದಿ ಕೇಳಿ ಅವಳು ಮಗಳ ಮನೆಯಿಂದ ಊಟ ಬಿಟ್ಟು ಓಡಿ ಬಂದಳು. ಗೂಟದ ಮೇಲೆ ಟೆಂಟ್ ಹೌಸಿನ ಹೆಸರಿತ್ತು. ಫೋನ್ ಮಾಡಿಸಿದಳು.

ಕಲ್ಲಿನಾಥ ಜೇವರ್ಗಿಯಿಂದ ಅದೇ ಗಳಿಗೆಯಲ್ಲಿ ಹೊರಟು ಬಂದ. ಊರವರೆಲ್ಲ ಸೇರಿ ಬೈದರು. ಡೇರೆಗಾಗಿ ನೆಲ ಪರೀಕ್ಷೆ ಮಾಡಿದ್ದು, ಬಟ್ಟೆಯೂ ನಾನೇ ಕಟ್ಟಿದ್ದು, ತಪ್ಪಾಯಿತು ಎಂದು ಕೈ ಮುಗಿದ. ಮೂರೂ ಗೂಟ ತಾನೇ ಕಿತ್ತ. ಇನ್ನು ಯಾರೂ ಈ ಕಡೆ ಬರುವುದಿಲ್ಲ ಎಂದು ಮಾತು ಕೊಟ್ಟು ಹೋದ.

ವಿದ್ಯಾವತಿ ಕಟ್ಟೆಗೆ ಆತುಕೊಂಡಳು.

“ನಾ ನಂಬಿಲ್ಲ ಬೇಟಿ,” ಎಂದಳು ಖಾಸೀಂಬಿ. “ಅವನ ಮನೀನೂ ಈ ನೀರಾಗ ಹೋಗ್ಯಾದ. ಅವರ ಹಿತ್ತಲದಾಗ ಮೊದಲನೇ ಗೂಟ ಬಡಿದಾಗ ಸಾಲಿ ಪಾಟಿ ಹಿಡ್ಕೊಂಡ ನಿಂತಿದ್ದ. ಆ ಬಟ್ಟಿ ಅವ ತನ್ನ ಕೈಯಾರೆ ಕಟ್ಟತಾನೇನು? ಕಟ್ಟಿದವ್ರು ಬ್ಯಾರೆ ಇದ್ದಾರ.”

“ನಾನ ಕಟ್ಟೇನಿ, ಆಯಿ.”

ಹೇಳಿ ಅವಳು ತಲೆ ತಗ್ಗಿಸಲಿಲ್ಲ. ತಾನು ಆಳಂದ ಕಡೆಯ ಬಯಲಿನವಳು, ಹೊಳೆ ದಂಡೆಯ ನೋವು ಗೊತ್ತಿರಲಿಲ್ಲ ಎಂದಳು. ಮನೆ ಮನೆಗೆ ಬಂದು ನಾನೇ ಹೇಳುತ್ತೇನೆ, ನೀರು ಹಾಯಿಸಲಿ ಎಂದಳು.

ಖಾಸೀಂಬಿ ಮೊರ ಪಕ್ಕಕ್ಕಿಟ್ಟಳು. ಆಮೇಲೆ ಎದ್ದು ಚಪ್ಪಲಿ ಮೆಟ್ಟಿದಳು.

ಏಳು ಮನೆಗಳಿಗೆ ಹೋದರು. ಮೂರು ಕಡೆ ಬೈಗುಳ, ನಾಲ್ಕು ಕಡೆ ಚಹಾ. ಒಬ್ಬಾಕೆ, ಇಷ್ಟು ಓದಿದವಳಿಗೆ ಕಟ್ಟಲು ಹಸಿರು ಬಟ್ಟೆ ಸಿಗಲಿಲ್ಲವೇ ಎಂದು ಚುಚ್ಚಿದಳು. ಕೊನೆಯ ಮನೆಯಿಂದ ಹೊರಬರುವಷ್ಟರಲ್ಲಿ ಆಚೆ ಹೊಲದ ಪಂಪಿನ ಸದ್ದು ಕೇಳತೊಡಗಿತ್ತು.

ದಾರಿಯಲ್ಲಿ ಮುದುಕಿ ಕೇಳಿದಳು, ಆ ಹಕ್ಕಿಗಳಲ್ಲಿ ಅಂಥಾದ್ದೇನಿದೆ? ವಿದ್ಯಾವತಿ ಹೇಳಿದಳು. ಹಿಮದ ಬೆಟ್ಟ ದಾಟಿ ಬರುವುದು, ನೀರಿನ ಪಕ್ಕ ಕೊಯ್ದ ಹೊಲ ನೋಡಿ ಇಳಿಯುವುದು, ಬೇಸಿಗೆಗೆ ಮೊದಲೇ ವಾಪಸ್ಸು ಹೋಗುವುದು. ಖಾಸೀಂಬಿ ನಡೆಯುವುದನ್ನೇ ಮರೆತು ನಿಂತು ಕೇಳಿದಳು.

“ನೀರ ಬಂದ ಮ್ಯಾಲೇನ ಇಷ್ಟ ಹಕ್ಕಿ ಬಂದದ್ದು. ನಮಗ ಸಿಟ್ಟ ಇತ್ತು, ಅದಕ ನೋಡಲೇ ಇಲ್ಲ,” ಎಂದಳು.

ಅಲ್ಲಿಂದ ಅವಳನ್ನು ಹೊಲದ ಬಡಗಣ ತುದಿಗೆ ಕರೆದುಕೊಂಡು ಹೋದಳು. ಜಾಲಿ ಗಿಡಗಳ ಮರೆಯಲ್ಲಿ ದುಂಡಗಿನ, ಸಪಾಟಾದ ಒಂದು ದಿಬ್ಬ. ಅದು ಅವರ ಹಳೆಯ ಕಣ. ಅವಳ ಮಾವನ ಕಾಲದಿಂದ ಸಗಣಿ ಬಳಿದು, ಎತ್ತು ತಿರುಗಿಸಿ, ಜೋಳ ತುಳಿಸಿದ ನೆಲ. ರಾಶಿ ಯಂತ್ರ ಬಂದ ಮೇಲೆ ಯಾರೂ ಕಾಲಿಟ್ಟಿರಲಿಲ್ಲ. ಬಿರುಕಿಲ್ಲ. ಎಷ್ಟು ನೀರು ಬಿಟ್ಟರೂ ಇಲ್ಲಿಗೆ ಏರಿದ್ದಿಲ್ಲ. ಮೂರು ಕಡೆಯೂ ಹಿನ್ನೀರು ಕಾಣುತ್ತಿತ್ತು.

ವಿದ್ಯಾವತಿ ಚಪ್ಪಲಿ ಬಿಟ್ಟು ನಿಂತಳು. ನೆಲ ತಣ್ಣಗೆ, ಬಂಡೆಯಂತೆ ಗಟ್ಟಿಯಾಗಿತ್ತು.

ಖಾಸೀಂಬಿ ಅಲ್ಲಿಯೇ ಕೂತು ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿದಳು. “ಹುಡಿಗೇರಿಗೆ ಒಂದ ದಿನ ಊಟ ನನ್ನ ಮನೀದು. ಮತ್ತ ಆ ಡೇರೆದವನಿಗೆ ಫೋನ ಮಾಡು. ಅವಗ ಬೈದಾಗಿಂದ ಎರಡ ದಿನ ಆತು, ನನಗ ಊಟ ಸೇರವಲ್ಲದು.”

ಶನಿವಾರ ಮುಂಜಾನೆ ಪತ್ರ ಪ್ರಾಂಶುಪಾಲರ ಕೈಸೇರಿತು. ಹತ್ತು ಗಂಟೆಗೆ ಕಲ್ಲಿನಾಥ ಕಣಕ್ಕೆ ಬಂದ. ವಿದ್ಯಾವತಿ ಆಗಲೇ ಬಂದಿದ್ದಳು. ಆತ ಅವಳ ಮುಖ ನೋಡದೆ ನೇರವಾಗಿ ನೆಲಕ್ಕೆ ಕೈ ಹಚ್ಚಿದ.

“ಇಂಥಾ ನೆಲ ನಾ ನೋಡೇ ಇಲ್ರಿ,” ಎಂದ.

“ನನಗ ಯಾಕ ಹೇಳಲಿಲ್ಲ?”

ನೆಲದ ಮಾತಲ್ಲವೆಂದು ಅವನಿಗೆ ತಿಳಿಯಿತು. ಕೈಯ ಧೂಳು ಒರೆಸಿಕೊಂಡ.

“ನೀವು ಕಟ್ಟಿದ್ದು ಅಂತ ಗೊತ್ತಾಗಿದ್ರ ಊರಾಗ ನಿಮ್ಮ ಹೆಸರ ಕೆಡ್ತಿತ್ತು. ಹೊಳಿ ಮಂದಿ ಲಗೂನ ಮರೆಯಂಗಿಲ್ಲ. ನನ್ನ ಹೆಸರಿಗೇನದ, ಮುಂದಿನ ಲಗ್ನದಾಗ ಒಂದ ಫ್ಯಾನ್ ಜಾಸ್ತಿ ಹಚ್ಚಿದ್ರ ಸರಿ ಆಗ್ತದ.”

“ನಾ ಬೈದಾಗರ ಹೇಳಬೇಕಿತ್ತು.”

“ಹೇಳಿದ್ರ ನೀವು ಅಳ್ತಿದ್ರಿ.”

“ಹೇಳದಿದ್ದರೂ ಅತ್ತೇನಿ.”

ಕಲ್ಲಿನಾಥ ತಲೆ ಎತ್ತಿದ. ಅವಳು ನೋಟ ತಪ್ಪಿಸಲಿಲ್ಲ. ನೀರಿನ ಮೇಲಿಂದ ಹೆಬ್ಬಾತುಗಳ ಒಂದು ಸಾಲು ಕೂಗುತ್ತ ಹಾದುಹೋಯಿತು. ಈ ಸಲ ಇಬ್ಬರೂ ಅತ್ತ ತಿರುಗಲಿಲ್ಲ.

ತಾನು ಆಡಿದ ಮಾತಿಗೆ ತಪ್ಪಾಯಿತೆಂದು ಅವಳು ಹೇಳಿದಳು. ಆತ ಅದನ್ನು ಅರ್ಧಕ್ಕೇ ತಡೆದ.

“ನಾಳೆ ಅಪ್ಪಾಜಿ ಬರ್ತಾರ, ಸರಸಂಬಾದಿಂದ,” ಎಂದಳು ವಿದ್ಯಾವತಿ. “ಹುಡಿಗೇರ ಇರೂ ಜಾಗಾ ನೋಡಬೇಕಂತ. ನಿಮ್ಮನ್ನ ನೋಡಿ ಇವರ್ಯಾರು ಅಂತ ಕೇಳ್ತಾರ. ಏನ ಹೇಳ್ಲಿ?”

“ಟೆಂಟ್ ಹೌಸಿನವ ಅನ್ರಿ.”

“ಅಷ್ಟು ಹೇಳಾಕ ನಿಮ್ಮನ್ನ ಯಾಕ ಕೇಳ್ತಿದ್ದೆ?”

ಆತ ಎದ್ದು ಕಣದ ಅಂಚಿನವರೆಗೂ ನಡೆದ. ಅಲ್ಲಿಂದ ಕೆಳಗೆ, ತನ್ನ ಮನೆ ಇದ್ದ ಕಡೆ, ನೀರು ಮಾತ್ರ ಮಿನುಗುತ್ತಿತ್ತು. ವಿದ್ಯಾವತಿ ಅವನ ಬೆನ್ನನ್ನೇ ನೋಡಿದಳು. ‘ಕೇಳಬಾರದಿತ್ತೇನೋ... ಐದರಲ್ಲಿ ಎರಡಕ್ಕೆ ಉತ್ತರ ಕೊಡುವವ, ಇದನ್ನು ಉಳಿದ ಮೂರರಲ್ಲಿ ಸೇರಿಸಿದನೇ?’

ಕಲ್ಲಿನಾಥ ತಿರುಗಿ ಬಂದು ಅವಳ ಎದುರಿಗೆ ನಿಂತ.

“ನಂದು ಊರಿಗೊಂದ ದಿನ ಇರೂ ಕೆಲಸ ಮೇಡಂ. ಕಟ್ಟೂದು, ಬಿಚ್ಚೂದು. ಇಲ್ಲೇ ಇರಬೇಕು ಅಂತ ಎಲ್ಲೂ ಅನಿಸಿದ್ದಿಲ್ಲ. ಮಂಗಳವಾರದಿಂದ ಅನಿಸಾಕತ್ತದ. ಜಾಗಾ ಅಲ್ಲ... ನೀವು ಎಲ್ಲಿ ಇರ್ತೀರಿ, ಅಲ್ಲಿ.”

ವಿದ್ಯಾವತಿಗೆ ಕೇಳಬೇಕಾದ ನೂರು ಪ್ರಶ್ನೆಗಳಲ್ಲಿ ಒಂದೂ ನೆನಪಾಗಲಿಲ್ಲ.

“ಇದನ್ನ ಅಪ್ಪಾಜಿಗೆ ನಾ ಹೇಳಂಗಿಲ್ಲ,” ಎಂದಳು ಕೊನೆಗೆ.

ಅವನ ಮುಖ ಸಣ್ಣದಾಯಿತು.

“ನೀವ ಹೇಳ್ರಿ. ನಾ ಬಾಜೂಕ ಕೂತಿರ್ತೇನಿ.”

“ನಡುವ ಮಾತು ತಪ್ಪಿದ್ರ?”

“ಹೇಳಿಕೊಡ್ತೇನಿ.”

“ಮೇಡಂ ಅನ್ನೂದು ಬಿಡಬೇಕೇನ್ರಿ ಹಂಗಾರ?”

“ನಾಳಿತನಕ ಅನ್ರಿ,” ಎಂದು ವಿದ್ಯಾವತಿ ನಕ್ಕಳು.