ಮೂರಡಿಯ ಗುಡ್ಡೆ

"ಸಾರ್, ನಮ್ ಸುಡುಗಾಡಲ್ಲಿ ಒಂದು ಹೊಸಾ ಗುಡ್ಡೆ ಎದ್ದದೆ. ಊರಲ್ಲಿ ಮೂರು ತಿಂಗ್ಳಿಂದ ಯಾರೂ ಸತ್ತಿಲ್ಲ."

ಫೆಬ್ರವರಿ ಹತ್ತು, ಮಂಗಳವಾರ, ಬೆಳಗ್ಗೆ 9.40. ಚಂದಾಪುರದಾಚೆಯ ಠಾಣೆಯಲ್ಲಿ ಹೆಡ್ ಕಾನ್‌ಸ್ಟೆಬಲ್ ಸಿದ್ರಾಮ ದೂರು ಬರೆದುಕೊಳ್ಳುತ್ತಿದ್ದ. ದೂರುದಾರ ಶ್ಯಾಮಣ್ಣ ಊರಿನ ಹಳೆಯ ಕುಳ. ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ ಈಗ ಅವರ ಬಾಡಿಗೆ ರೂಮುಗಳಿವೆ, ಅದರ ಹಿಂದೆಯೇ ಆ ಜಾಗ. ಕಂದಾಯ ದಾಖಲೆಯಲ್ಲಿ ಅದು ಸ್ಮಶಾನ, ಗೇಟಿನ ಬೋರ್ಡಿನಲ್ಲಿ ರುದ್ರಭೂಮಿ, ಊರವರ ಬಾಯಲ್ಲಿ ಸುಡುಗಾಡು. ಹೆಸರು ಸುಡುಗಾಡಾದರೂ ಅಲ್ಲಿ ಇಂದಿನವರೆಗೆ ಯಾರನ್ನೂ ಸುಟ್ಟಿಲ್ಲ, ಎಲ್ಲರನ್ನೂ ಮಣ್ಣು ಮಾಡಿದ್ದೇ. ವಿಜಯಪುರದ ಸಿದ್ರಾಮನ ಕಡೆ ಮಣ್ಣು ಮಾಡುವುದು ಅನ್ನುವುದಿಲ್ಲ, ಮಣ್ಣು ಕೊಡುವುದು ಅನ್ನುತ್ತಾರೆ. ಅವನು ಬೆಂಗಳೂರಿಗೆ ಬಂದು ಹದಿನಾಲ್ಕು ವರ್ಷವಾಗಿತ್ತು. ಹೆಂಡತಿ ಮಕ್ಕಳು ಊರಲ್ಲಿ, ಇವನು ಕ್ವಾರ್ಟರ್ಸಿನಲ್ಲಿ ಒಬ್ಬನೇ. ತನ್ನ ಸೀಮೆಯ ಮಾತನ್ನು ಭಾನುವಾರದ ಫೋನಿಗಷ್ಟೇ ಎತ್ತಿಟ್ಟಿದ್ದ.

ಇನ್‌ಸ್ಪೆಕ್ಟರ್ ಶೋಭಾರಾಣಿ ಒಳಗಿನಿಂದ ಬಂದರು. "ಎಷ್ಟುದ್ದ ಇದೆ?"

"ಉದ್ದ ಇಲ್ಲ ಮೇಡಂ, ಅದೇ ಅನ್ಮಾನ. ಮೂರಡಿ ಚೌಕ."

"ಮಗು ಇರಬಹುದು."

"ಮಗೀಗೆ ಅಷ್ಟಗಲ ಯಾಕೆ ಮೇಡಂ?"

ತುಂಡು ಮಾಡಿದ ಹೆಣ ಎಂಬ ಮಾತನ್ನು ಯಾರೂ ಆಡಲಿಲ್ಲ, ಆದರೆ ಎಲ್ಲರ ತಲೆಯಲ್ಲೂ ಅದೇ ಓಡಿತು. ಜೀಪು ಹೊರಟಿತು.

ಬೇಲಿಯ ಮೂಲೆಯಲ್ಲಿತ್ತು ಗುಡ್ಡೆ. ಮೇಲೆ ಬಿಲ್ವಪತ್ರೆ, ಒಂದು ದಿನದಷ್ಟೇ ಬಾಡಿದ್ದು. ಸಿದ್ರಾಮ ಬಗ್ಗಿ ನೋಡಿ ಎದ್ದ. "ಮೇಡಂ, ಇದು ಕೂರಿಸಿರೋ ಗುಂಡಿ. ನಮ್ಮ ಕಡೆ ಲಿಂಗಾಯತರನ್ನ ಮಲಗಿಸಲ್ಲ. ಕೂರಿಸಿ ಮಣ್ಣು ಕೊಡ್ತಾರೆ."

"ಕೊಲೆಯಾದವನನ್ನೂ ಕೂರಿಸಬಹುದಲ್ಲ?" ಎಂದರು ಇನ್‌ಸ್ಪೆಕ್ಟರ್.

ಮರುದಿನ 11.15ಕ್ಕೆ ತಹಶೀಲ್ದಾರ್ ಮತ್ತು ಇಬ್ಬರು ಪಂಚರ ಎದುರು ಅಗೆತ ಶುರುವಾಯಿತು. ನಾಲ್ಕಡಿ ಆಳದಲ್ಲಿ ಪಕ್ಕದ ಗೋಡೆ ಕೊರೆದು ಒಂದು ಗೂಡು ಮಾಡಿದ್ದರು. ಗೂಡಿನಲ್ಲಿ ಬಿಳಿ ಬಟ್ಟೆ ಸುತ್ತಿದ ಮಡಕೆ, ಸುತ್ತ ವಿಭೂತಿ ಗಟ್ಟಿಗಳು. ಮಡಕೆಯಲ್ಲಿ ಬೂದಿ, ಸುಟ್ಟ ಎಲುಬಿನ ಚೂರು. ಮಡಕೆಯ ಕೊರಳಿಗೆ ತಗಡಿನ ಬಿಲ್ಲೆ, ನಂಬರ್ 417. ಸಿದ್ರಾಮ ಪಂಚನಾಮೆ ಬರೆದ. ಬಿಲ್ಲೆ ವಿದ್ಯುತ್ ಚಿತಾಗಾರದ್ದು.

ಮಧ್ಯಾಹ್ನ ಮೂರಕ್ಕೆ ಅವನು ಚಿತಾಗಾರದಲ್ಲಿದ್ದ. ಅಲ್ಲಿನ ನೌಕರ ನರಸಿಂಹಯ್ಯನಿಗೆ ಬಿಲ್ಲೆ ನೋಡುತ್ತಲೇ ಬೆವರಿತು.

"ಮಡಕೆ ಕಳುವಾಗಿದ್ದು ಯಾಕೆ ಹೇಳಲಿಲ್ಲ?"

"ಹೇಳಿದ್ರೆ ನನ್ ಕೆಲ್ಸ ಹೋಗ್ತಿತ್ತು ಸಾರ್."

"ಯಾರಾದರೂ ಕೇಳಿಕೊಂಡು ಬಂದಿದ್ದರಾ?"

"ಒಂದು ಹೆಂಗ್ಸು. ಗಾರೆ ಕೆಲ್ಸದೋಳು, ಉತ್ತರ ಕರ್ನಾಟಕದ ಕಡೆ ಮಾತು. ಸ್ಟೇಷನ್‌ನಿಂದ ಲೆಟರ್ ತಗೊಂಬಾ ಅಂದೆ. ಎರಡು ಸಲ ಬರಿಗೈಲಿ ಬಂದ್ಲು. ಆಮೇಲೆ ಅವಳೂ ಬರ್ಲಿಲ್ಲ, ಮಡಕೇನೂ ಇರ್ಲಿಲ್ಲ."

ಸಿದ್ರಾಮ ರಿಜಿಸ್ಟರ್ ತಿರುವಿದ. 417: ಅಪರಿಚಿತ ಗಂಡಸು, ಸುಮಾರು ನಲವತ್ತು ವರ್ಷ, ಹೊಸೂರು ರಸ್ತೆ ಅಪಘಾತ, ನವೆಂಬರ್. ವಾರಸುದಾರರಿಲ್ಲ. ಕೆಳಗಿದ್ದ ಸಹಿ ಅವನದೇ. ಹೂಳಲು ಸುತ್ತಲಿನ ಯಾವ ಊರಿನವರೂ ಜಾಗ ಕೊಡದೆ ಶವವನ್ನು ಇಲ್ಲಿಗೆ ತಂದಿದ್ದು ಈಗ ನೆನಪಾಯಿತು.

ಸಂಜೆ 6.20ಕ್ಕೆ ಎಫ್‌ಐಆರ್ ದಾಖಲಾಯಿತು: ಅಸ್ಥಿ ಕಳವು, ಸ್ಮಶಾನದಲ್ಲಿ ಅತಿಕ್ರಮ ಪ್ರವೇಶ.

"ಎಲ್ಲಿ ಹುಡುಕೋದ್ರೀ ಇವಳನ್ನ?" ಎಂದರು ಶೋಭಾರಾಣಿ.

"ಸೋಮವಾರ ಅವರೇ ಬರ್ತಾರೆ ಮೇಡಂ. ಆ ಪತ್ರೆ ಸೋಮವಾರದ್ದು."

ಹದಿನಾರನೇ ತಾರೀಕು ಸೋಮವಾರ, ಬೆಳಗ್ಗೆ 7.10. ಸಿದ್ರಾಮನೂ ಇನ್‌ಸ್ಪೆಕ್ಟರೂ ಸುಡುಗಾಡಿನ ಬೇಲಿಯ ಬಳಿ ಕಾಯುತ್ತಿದ್ದರು. ಸೀರೆಯ ಮೇಲೆ ಗಂಡಸರ ಅಂಗಿ ತೊಟ್ಟ ಹೆಂಗಸೊಬ್ಬಳು ಪತ್ರೆ ಹಿಡಿದು ಬಂದಳು. ತೆರೆದ ಗುಂಡಿ ಕಂಡಳು. ಓಡಲಿಲ್ಲ. ಅಂಚಿನಲ್ಲಿ ಕುಸಿದು ಕೂತು ಒಳಗೆ ಇಣುಕಿದಳು.

"ಎಲ್ಲಿ ಒಯ್ದ್ರಿ ಅವನ್ನ?"

"ಹೆಸರು?" ಎಂದ ಸಿದ್ರಾಮ.

"ಮಹಾನಂದಾ."

"ಅವನು ನಿಮಗೇನಾಗಬೇಕು?"

"ತಮ್ಮರೀ. ಬಸಲಿಂಗ."

"ಗುಂಡಿ ತೋಡಿದ್ದು ಯಾರು?"

"ನಾನೇ ರೀ. ಹಗಲಿನ್ಯಾಗ. ಗುದ್ದಲಿ ಹಿಡದ ಆಳಿಗೆ ಯಾರ ಏನ್ ಕೇಳ್ತಾರ?"

"ಸ್ಟೇಷನ್‌ಗೆ ಬಂದು ಕೇಳಬಹುದಿತ್ತಲ್ಲ."

ಆಗ ಮೊದಲ ಸಲ ಅವಳು ಅವನ ಮುಖ ನೋಡಿದಳು. "ಬಂದಿದ್ನೆಲ್ರಿ. ಸ್ಟೇಷನ್ ಬೋರ್ಡಿನ ಮ್ಯಾಲೆ ತಮ್ಮನ ಫೋಟೋ ನೋಡಿ ನಿಮ್ಮ ಮುಂದೇ ನಿಂತಿದ್ದೆ. ಅಕ್ಕ ಅನ್ನೂದಕ್ಕ ಕಾಗದ ತಾ ಅಂದ್ರಿ. ನನ್ನ ಆಧಾರ್‌ನ್ಯಾಗ ಗಂಡನ ಹೆಸರೈತ್ರಿ, ತಮ್ಮನ ಹೆಸರು ಎಲ್ಲಿಂದ ತರ್ಲಿ? ಎರಡನೇ ಸಲ ಬಂದಾಗ ನಾಳೆ ಬಾ ಅಂದ್ರಿ. ನಿಮ್ಮ ಹೆಸರು ಕೇಳಿ, ನಮ್ಮ ಕಡೆಯವರು, ಮಾಡಿಕೊಡ್ತಾರ ಅಂತ ತಿಳದಿದ್ದೆ."

ಸಿದ್ರಾಮ ಎಷ್ಟು ನೆನೆದರೂ ಆ ಮುಖ ನೆನಪಾಗಲಿಲ್ಲ. ನಾಳೆ ಬಾ ಅಂತ ಅವನು ದಿನಕ್ಕೆ ಹತ್ತು ಜನಕ್ಕೆ ಹೇಳುತ್ತಿದ್ದ. ತನ್ನ ಸೀಮೆಯ ಮಾತಿಗೆ ಹಂಬಲಿಸುತ್ತ ಕೂತವನ ಮುಂದೆ ಆ ಮಾತೇ ಬಂದು ಎರಡು ಸಲ ಕೈ ಮುಗಿದಿತ್ತು, ಇವನು ತಲೆ ಎತ್ತಿರಲಿಲ್ಲ.

7.35ಕ್ಕೆ ಶೋಭಾರಾಣಿ ಬಂಧನದ ಮೆಮೊ ಮಾಡಿ ಹೆಬ್ಬೆಟ್ಟು ಹಾಕಿಸಿಕೊಂಡರು. ಹೇಳಿಕೆ ಬರೆದುಕೊಂಡವನು ಸಿದ್ರಾಮ. ಯಾಕೆ ಮಾಡಿದೆ ಎಂಬ ಪ್ರಶ್ನೆಗೆ ಅವಳಂದ ಮಾತನ್ನು ಕಚೇರಿಯ ಕನ್ನಡಕ್ಕೆ ತಿದ್ದದೆ ಹಾಗೇ ಬರೆದ: "ಹನ್ನೊಂದು ವರ್ಷ ಫೌಂಡ್ರಿಯೊಳಗ ಕುಲುಮಿ ಮುಂದ ನಿಂತಾನ್ರಿ. ಊರಿಗೆ ಬಂದ್ರ ಹಾಸಿಗಿ ಬ್ಯಾಡಂತ ಅಂಗಳದ ತಣ್ಣನ ನೆಲದ ಮ್ಯಾಲೆ ಮಲಗಾಂವ. ಅಂಥವನ್ನ ಬೆಂಕಿಗೆ ಹಾಕಿದ್ರಿ. ಉಳದಷ್ಟರ ತಣ್ಣಗಿರಲಿ ಅಂತ."

ಸಂಜೆ ಅವಳಿಗೆ ಠಾಣಾ ಜಾಮೀನು ಸಿಕ್ಕಿತು. ಮಡಕೆ ಮಾತ್ರ ಕೇಸಿನ ಮಾಲು, ನಂಬರ್ ಅಂಟಿಸಿಕೊಂಡು ಬೀರುವಿನಲ್ಲಿ ಕೂತಿತ್ತು. ಮಹಾನಂದಾ ಮೆಟ್ಟಿಲ ಬಳಿ ನಿಂತು ಬೀರುವಿನ ಕಡೆಗೊಮ್ಮೆ ನೋಡಿ ಹೋದಳು. ಸಿದ್ರಾಮ ಎರಡು ಸಲ ವಾಪಸ್ ಕಳಿಸಿದ್ದು ತಾನೇ ಎಂದು ಇನ್‌ಸ್ಪೆಕ್ಟರ್‌ಗೆ ಹೇಳಿದ. ಅವರು ಬೈಯಲಿಲ್ಲ, ಒಂದು ಬಿಳಿ ಹಾಳೆ ಅವನ ಮುಂದೆ ತಳ್ಳಿದರು. ಅಸ್ಥಿಯನ್ನು ಮೃತನ ಅಕ್ಕನಿಗೆ ಕೊಡಿಸಬೇಕೆಂದು ಮ್ಯಾಜಿಸ್ಟ್ರೇಟರಿಗೆ ಕೋರಿಕೆ ಬರೆದ. ಸಂಬಂಧ ಗುರುತಿಸಿದವರು ಎಂಬಲ್ಲಿ ಅವನು ತನ್ನ ಹೆಸರನ್ನೇ ಬರೆದ. ಎಲ್ಲ ಸೇರಿ ಹತ್ತು ನಿಮಿಷ ಹಿಡಿಯಿತು.

ಫೋನು ಬಂತು. ಶ್ಯಾಮಣ್ಣ. "ಸಾರ್, ಆ ಗುಂಡಿ ಮುಚ್ಚಿಸ್ಬಿಡ್ಲಾ? ದನ ಗಿನ ಬಿದ್ದಾವು."

"ಬ್ಯಾಡ್ರಿ. ಸುತ್ತ ಮುಳ್ಳು ಹಾಕಸ್ರಿ. ಅಲ್ಲಿ ಮಣ್ಣು ಕೊಡೂದೈತಿ."

ಹೆಡ್ ಕಾನ್‌ಸ್ಟೆಬಲ್ ಹೀಗೆ ಮಾತಾಡಿದ್ದನ್ನು ಶ್ಯಾಮಣ್ಣ ಎಂದೂ ಕೇಳಿರಲಿಲ್ಲ.

"ಮುಳ್ಳು ಹಾಕಿಸ್ತೀನಿ ಬಿಡಿ. ಊರೋರು ಕೇಳ್ತಾರೆ, ಯಾರು ಸತ್ತಿರೋದು ಅಂತ ಹೇಳ್ಲಿ?"

"ನಮ್ಮಾಂವ," ಎಂದ ಸಿದ್ರಾಮ.